ಸುತ್ತುದನಿಯ ಸಂಗೀತ: ಗುಣಪರೀಕ್ಷೆ



ಕೇಳುಗನ ಮುಂದೆ ಮೂರು, ಹಿಂದೆ ಎಡಬಲಗಳಲ್ಲಿ ಎರಡು, ಮಂದ್ರನಾದಕ್ಕೆಂದೇ ಒಂದು, ಹೀಗೆ ಆರು ಧ್ವನಿವರ್ಧಕಗಳಿಂದ ಸಂಗೀತವನ್ನು ಹೊಮ್ಮಿಸುವ ಏರ್ಪಾಡಿಗೆ 5.1 ಸರೌಂಡ್ ಎಂದು ಹೆಸರು. ತಟ್ಟೆಯ ಮೇಲೆ ಈ ಅಂಕೆಯಿದ್ದ ಮಾತ್ರಕ್ಕೆ ಅದನ್ನು ಉತ್ತಮವೆನ್ನಬಹುದೆ?

ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ವೃಂದವು 1973ರಲ್ಲಿ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಎಂಬ ಗೀತಸಂಪುಟವನ್ನು ಹೊರತಂದಿತು. ಅದರ ಧ್ವನಿಮುದ್ರಣಕಾರ ಅಲನ್ ಪಾರ್ಸನ್ಸ್ ಅವರು ಆ ಕಾಲದಲ್ಲಿಯೇ ನಾಲ್ಕು ವಾಹಿನಿಗಳ ಮಿಶ್ರಣವೊಂದನ್ನು ಸಿದ್ಧಗೊಳಿಸಿದ್ದರು. ಜೇಮ್ಸ್ ಗಥ್ರಿಯವರ 5.1 ಮಿಶ್ರಣವು 2003ರಲ್ಲಿ ಸೂಪರ್ ಆಡಿಯೊ ಸಿಡಿಯಾಗಿ ಬಂದಿತು. ಹಾಡು, ವಾದನಗಳು ಅವೇ. ಜೋಡಣೆ ಮಾತ್ರ ಬೇರೆ. ಆದುದರಿಂದ ಇವು ಪರೀಕ್ಷೆಗೆ ಬಹು ಯೋಗ್ಯವಾದುವು.

ಎರಡನ್ನೂ ಸಮಾನವಾದ ಗಟ್ಟಿದನಿಯಲ್ಲಿ ಕೇಳಬೇಕು. ತುಸು ಜೋರಾದುದನ್ನೇ ಚೆಲುವೆಂದು ಭ್ರಮಿಸುವುದು ಕಿವಿಯ ಸ್ವಭಾವ. ಬಳಿಕ ಔಚಿತ್ಯವನ್ನು ನೋಡಬೇಕು. ‘ಟೈಮ್’ ಗೀತೆಯ ಮೊದಲಲ್ಲಿ ಹಲವು ಗಡಿಯಾರಗಳು ಒಮ್ಮೆಗೇ ಮೊಳಗುತ್ತವೆ. ಅವು ನಮ್ಮನ್ನು ಸುತ್ತುವರಿದರೆ ಕಾಲದ ಹಿಡಿತವೇ ಅನುಭವಕ್ಕೆ ಬರುತ್ತದೆ. ಗಾಯಕನ ಕೊರಳೂ ಹಾಗೆಯೇ ಸುತ್ತತೊಡಗಿದರೆ ಮನಸ್ಸು ಹಾಡನ್ನು ಬಿಟ್ಟು ಯಂತ್ರದ ಕಡೆಗೆ ಹರಿಯುತ್ತದೆ. ಕಾವ್ಯದಲ್ಲಿ ಅಲಂಕಾರವು ರಸಕ್ಕೆ ಅಧೀನವಾಗಿರುವಂತೆ, ಇಲ್ಲಿ ದಿಕ್ಕು ಹಾಡಿಗೆ ಅಧೀನವಾಗಿರಬೇಕು.

ಪ್ರತಿಯೊಂದು ದನಿಯೂ ಬೇರೆಬೇರೆಯಾಗಿ ಕೇಳಿಸಿ, ಎಲ್ಲವೂ ಕೂಡಿ ಒಂದೇ ಹಾಡಾದರೆ ಆ ಮಿಶ್ರಣ ಸಾರ್ಥಕ. ಅಂಕೆಯನ್ನು ನೋಡಿ ಕೊಳ್ಳದೆ, ಕೇಳಿ ಕೊಳ್ಳೋಣ.