ಕುದುರೆಮುಖದ ಬಾಗಿಲಲ್ಲಿ ಏನಿರಬೇಕು?

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ಇಂದಿನ ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿರುವ ಇದರ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲ ಇದರ ಮಡಿಲಲ್ಲಿದೆ. ಇದೇ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ದಶಕಗಳ ಕಾಲ ನಡೆಯಿತು. ಜನರ ಹೋರಾಟವೂ ಕಾನೂನಿನ ಹೋರಾಟವೂ ಕೂಡಿದ್ದರಿಂದ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿತು. 2005ರ ಅಂತ್ಯಕ್ಕೆ ಗಣಿ ನಿಂತಿತು.

ಗಣಿ ನಿಂತಂದಿನಿಂದ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ: ಅದಿರು ಹೋಯಿತು, ಇನ್ನು ಪ್ರವಾಸೋದ್ಯಮ ಬರಲಿ. ಹೊಗೆಯಿಲ್ಲದ ಉದ್ಯಮವೆಂದು ಅದನ್ನು ಹೊಗಳುವುದುಂಟು. ಹೊಗೆ ಕಾಣದಿದ್ದರೂ ವಾಹನ, ಕಸ, ಕೊಳಚೆ, ಸದ್ದು, ರಾತ್ರಿಯ ಬೆಳಕು ಅದರ ಹಿಂದೆಯೇ ಬರುತ್ತವೆ. ಆದುದರಿಂದ ಪ್ರವಾಸಿಗಳು ಬರಬೇಕೇ ಬೇಡವೇ ಎಂಬುದಕ್ಕಿಂತ, ಬಂದವರಿಗಾಗಿ ಏನನ್ನು ಕಟ್ಟಬೇಕು, ಎಲ್ಲಿ ಕಟ್ಟಬೇಕು, ಯಾರನ್ನು ಕೇಳಿ ಕಟ್ಟಬೇಕು ಎಂಬುದನ್ನು ಈ ಸಭೆ ಚರ್ಚಿಸುವುದು ಅಗತ್ಯ.

ಮೊದಲು ನೆಲದ ಸ್ವಭಾವವನ್ನು ಗಮನಿಸಬೇಕು. ಇಲ್ಲಿ ಬೆಟ್ಟದ ನೆತ್ತಿಯಲ್ಲಿ ಹುಲ್ಲುಗಾವಲು, ಕಣಿವೆಯ ಮಡಿಕೆಗಳಲ್ಲಿ ಶೋಲಾ ಕಾಡು. ಮಳೆಗಾಲದ ನೀರನ್ನು ಹುಲ್ಲಿನ ಬೇರು ಮತ್ತು ಶೋಲಾದ ಎಲೆಗೊಬ್ಬರ ಹೀರಿಕೊಂಡು, ಬೇಸಗೆಯಲ್ಲಿ ಮೆಲ್ಲಗೆ ಹಳ್ಳಗಳಿಗೆ ಬಿಡುತ್ತವೆ. ಒಂದೇ ಹಾದಿಯಲ್ಲಿ ನೂರಾರು ಜನ ದಿನವೂ ನಡೆದರೆ ಹುಲ್ಲು ಸವೆದು ಕೆಮ್ಮಣ್ಣು ತೆರೆದುಕೊಳ್ಳುತ್ತದೆ. ಮುಂದಿನ ಮಳೆಯಲ್ಲಿ ಆ ಹಾದಿಯೇ ಕೊರಕಲಾಗುತ್ತದೆ. ನಡೆಯುವವರು ಕೊರಕಲನ್ನು ಬಿಟ್ಟು ಪಕ್ಕದ ಹುಲ್ಲನ್ನು ತುಳಿಯುತ್ತಾರೆ. ಗಾಯ ಅಗಲವಾಗುತ್ತ ಹೋಗುತ್ತದೆ. ಹಾಗೆ ಕೊಚ್ಚಿಹೋದ ಮಣ್ಣು ಕೆಳಗಿನ ತೋಟ, ಗದ್ದೆಗಳ ಹಳ್ಳದಲ್ಲಿ ತುಂಬಿಕೊಳ್ಳುತ್ತದೆ.

ಸಿಂಗಳೀಕ ಈ ಉದ್ಯಾನದ ಹೆಗ್ಗುರುತು. ಅದು ಬಹುಪಾಲು ಮರದ ಮೇಲೆಯೇ ಬದುಕುವ ಪ್ರಾಣಿ. ಕೊಂಬೆಯಿಂದ ಕೊಂಬೆಗೆ ಸಾಗುವುದೇ ಅದರ ದಾರಿ. ರಸ್ತೆಯನ್ನೋ ವಾಹನ ನಿಲುಗಡೆಯನ್ನೋ ಅಗಲಿಸಿ ಎರಡು ಬದಿಯ ಮರಗಳ ನಡುವೆ ಅಂತರ ಮಾಡಿದರೆ ಅದರ ದಾರಿ ಕಡಿದುಹೋಗುತ್ತದೆ. ಪ್ರವಾಸಿಗಳು ರಸ್ತೆಬದಿಯಲ್ಲಿ ತಿಂಡಿ ಎಸೆದರೆ ಮಂಗಗಳು ನೆಲಕ್ಕಿಳಿದು ಚಕ್ರಕ್ಕೆ ಸಿಗುತ್ತವೆ. ನಿಲುಗಡೆಗೆ ಕಡಿಯುವ ಹತ್ತು ಮರಗಳ ಲೆಕ್ಕವನ್ನು ಹತ್ತು ಸಸಿ ನೆಟ್ಟು ಸರಿದೂಗಿಸಲಾಗದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಾದ ತಿದ್ದುಪಡಿಯಂತೆ, ಸಂರಕ್ಷಿತ ಪ್ರದೇಶದೊಳಗೆ ವಾಣಿಜ್ಯ ಉದ್ದೇಶದ ಪ್ರವಾಸಿ ವಸತಿಗೃಹ ಕಟ್ಟಲು, ಅದು ಸರ್ಕಾರದ್ದೇ ಆಗಿದ್ದರೂ, ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಬೇಕು. ಇನ್ನೊಂದೆಡೆ, ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಾದ ತಿದ್ದುಪಡಿಯು, ನಿರ್ವಹಣಾ ಯೋಜನೆಯಲ್ಲಿ ಸೇರಿದ ಪರಿಸರ ಪ್ರವಾಸೋದ್ಯಮ ಸೌಲಭ್ಯಗಳನ್ನು ಅರಣ್ಯೇತರ ಬಳಕೆಯ ಪಟ್ಟಿಯಿಂದ ಹೊರಗಿಟ್ಟಿತು. ಒಂದು ಬಾಗಿಲು ಮುಚ್ಚಿದರೆ ಮತ್ತೊಂದು ತೆರೆದಂತಾಯಿತು. ಹೀಗಾಗಿ ನಿರ್ವಹಣಾ ಯೋಜನೆಯಲ್ಲಿ ಏನು ಬರೆಯಲಾಗುತ್ತಿದೆ ಎಂಬುದನ್ನು ಓದುವ, ಪ್ರಶ್ನಿಸುವ ಹೊಣೆ ಊರಿನವರ ಮೇಲೂ ಬಿದ್ದಿದೆ.

ಇಲ್ಲಿ ಗ್ರಾಮಸ್ಥರ ನೋವನ್ನು ಮರೆಯಲಾಗದು. ಉದ್ಯಾನದ ಒಳಗೂ ಅಂಚಿನಲ್ಲೂ ಮಲೆಕುಡಿಯರೂ ಇತರ ಕೃಷಿಕರೂ ತಲೆಮಾರುಗಳಿಂದ ಬದುಕಿದ್ದಾರೆ. ಕಾಲುಸಂಕ, ರಸ್ತೆ, ವಿದ್ಯುತ್ ಕೇಳಿದಾಗ ಕಾನೂನಿನ ಅಡ್ಡಿಯನ್ನು ತೋರಿಸಿ, ಹೊರಗಿನಿಂದ ಬಂದು ಎರಡು ದಿನ ತಂಗುವವರಿಗೆ ಮಾತ್ರ ಬಿಸಿನೀರು, ದೀಪದ ವ್ಯವಸ್ಥೆಯಾದರೆ ಅದನ್ನು ಸಂರಕ್ಷಣೆ ಎನ್ನಲು ಯಾರಿಗೂ ಮನಸ್ಸು ಒಪ್ಪದು. ಕಾಡಿನ ಹೆಸರಿನಲ್ಲಿ ತ್ಯಾಗ ಕೇಳುವವರು ಎಲ್ಲರಿಂದಲೂ ಅದನ್ನು ಸಮನಾಗಿ ಕೇಳಬೇಕು.

ಹಾಗಾದರೆ ಪ್ರವಾಸಿಗಳ ಸಂಖ್ಯೆಗೆ ಮಿತಿ ಬೇಡವೇ? ಬೇಕೇ ಬೇಕು. 2024ರ ಜನವರಿ ಕೊನೆಯಲ್ಲಿ ಪುಷ್ಪಗಿರಿ ವನ್ಯಜೀವಿಧಾಮದ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಗೇ ನುಗ್ಗಿದರು. ಆ ಬಳಿಕವೇ ರಾಜ್ಯ ಸರ್ಕಾರ ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ತಡೆದು, ಒಂದು ಹಾದಿಗೆ ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿ ತಂದಿತು. ಮಿತಿ ಇದ್ದರೆ ಸಾಲದು. ಅದು ಹಾದಿಯ ಸವೆತವನ್ನೂ ನೀರಿನ ಲಭ್ಯತೆಯನ್ನೂ ನೋಡಿ ನಿಗದಿಯಾಗಬೇಕು, ಋತುವಿಗೆ ತಕ್ಕಂತೆ ಬದಲಾಗಬೇಕು.

ಇದೇ ಪಶ್ಚಿಮ ಘಟ್ಟದ ಒಂದು ಉದಾಹರಣೆಯನ್ನು ಗಮನಿಸಬಹುದು. ಕೇರಳದ ಮುನ್ನಾರ್ ಸಮೀಪದ ಎರವಿಕುಳಂ ರಾಷ್ಟ್ರೀಯ ಉದ್ಯಾನ ಕೇವಲ 97 ಚದರ ಕಿಲೋಮೀಟರ್. ಅದೂ ಶೋಲಾ ಮತ್ತು ಹುಲ್ಲುಗಾವಲಿನ ನಾಡು, ನೀಲಗಿರಿ ತಾರ್ ಎಂಬ ಕಾಡುಮೇಕೆಯ ಆಸರೆ. ಅಲ್ಲಿ ಪ್ರವಾಸಿಗಳಿಗೆ ತೆರೆದಿರುವುದು ಮುಖ್ಯವಾಗಿ ರಾಜಮಲೆಯ ಭಾಗ. ಖಾಸಗಿ ವಾಹನಗಳನ್ನು ಹೊರಗೇ ನಿಲ್ಲಿಸಿ ಇಲಾಖೆಯ ಬಸ್ಸಿನಲ್ಲಿ ಒಳಗೆ ಕರೆದೊಯ್ಯುತ್ತಾರೆ. ತಾರ್ ಮರಿ ಹಾಕುವ ಕಾಲದಲ್ಲಿ, ಸಾಮಾನ್ಯವಾಗಿ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ, ಉದ್ಯಾನವನ್ನೇ ಪ್ರವಾಸಿಗಳಿಗೆ ಮುಚ್ಚುತ್ತಾರೆ. ಅಲ್ಲಿಯೂ ಜನಜಂಗುಳಿ ಇಲ್ಲದಿಲ್ಲ. ಆದರೆ ವಾಹನ ಹೊರಗೆ, ಜನ ಒಂದು ಮೂಲೆಯಲ್ಲಿ, ಪ್ರಾಣಿಯ ಹೆರಿಗೆಯ ಕಾಲದಲ್ಲಿ ಬಾಗಿಲು ಬಂದ್ ಎಂಬ ಮೂರು ನಿಯಮಗಳು ಅನುಕರಣೀಯ.

ಕುದುರೆಮುಖಕ್ಕೆ ಈ ಪಾಠ ಹೊಂದುತ್ತದೆ. ಗಣಿಗಾಗಿ ಆಗಲೇ ಸಮತಟ್ಟು ಮಾಡಿದ ನೆಲ, ಕಟ್ಟಿದ ಕಟ್ಟಡಗಳು ಕುದುರೆಮುಖ ಪಟ್ಟಣದಲ್ಲಿ ಇವೆ. ಮಾಹಿತಿ ಕೇಂದ್ರ ಬೇಕೆಂದರೆ ಅಂಥ ಹಳೆಯ ಕಟ್ಟಡವೊಂದರಲ್ಲಿಯೋ, ಉದ್ಯಾನದ ಹೊರಗಿನ ಕಳಸ, ಕಾರ್ಕಳಗಳಲ್ಲಿಯೋ ಆಗಲಿ; ಹೊಸದಾಗಿ ಒಂದು ಮರವನ್ನೂ ಕಡಿಯಬೇಕಿಲ್ಲ. ಆ ಕೇಂದ್ರದಲ್ಲಿ ಹುಲಿಯ ಬಣ್ಣದ ಚಿತ್ರಗಳಷ್ಟೇ ಸಾಲವು. ಗಣಿಯ ಹೂಳನ್ನು ತಡೆಯಲು ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟು ಯಾಕೆ ಬಂತು, ಅದರ ಹಿಂದೆ ಏನು ತುಂಬಿದೆ, ಗಣಿ ಹೇಗೆ ನಿಂತಿತು ಎಂಬ ಕಥೆಯನ್ನೂ ಅಲ್ಲಿ ಹೇಳಬೇಕು. ಭದ್ರೆಯ ನೀರು ಕುಡಿಯುವ ಬಯಲುಸೀಮೆಯ ಮಗು ಅದನ್ನು ತಿಳಿದು ಮನೆಗೆ ಹೋದರೆ ಕೇಂದ್ರಕ್ಕೆ ವ್ಯಯಿಸಿದ ಹಣ ಸಾರ್ಥಕ.

ಆದುದರಿಂದ ಗ್ರಾಮಸಭೆಗಳು ಈ ಬೇಡಿಕೆಗಳನ್ನು ಠರಾವಿನ ರೂಪದಲ್ಲಿ ಮಂಡಿಸುವುದು ಉಚಿತ. ಉದ್ಯಾನದೊಳಗೆ ಹೊಸ ವಸತಿಗೃಹ ಬೇಡ. ತಂಗುವವರು ಅಂಚಿನ ಊರುಗಳ ಮನೆಗಳಲ್ಲಿ ತಂಗಲಿ. ಮುಳ್ಳೋಡಿಯಂಥ ಊರುಗಳಲ್ಲಿ ಚಾರಣಿಗರಿಗೆ ಊಟ, ವಸತಿ ಕೊಟ್ಟು ಸಂಪಾದಿಸುವ ಕುಟುಂಬಗಳು ಆಗಲೇ ಇವೆ. ಆ ಮನೆಗಳೂ ಶೌಚದ ಕೊಳಚೆ ಹಳ್ಳ ಸೇರದಂತೆ ನೋಡಿಕೊಳ್ಳಬೇಕು, ಧ್ವನಿವರ್ಧಕ ದೂರವಿಡಬೇಕು. ಮಾರ್ಗದರ್ಶಕರು ಸ್ಥಳೀಯರೇ ಆಗಿರಲಿ. ಪ್ರವೇಶ ಶುಲ್ಕದ ಒಂದು ಪಾಲು ಹಾದಿಯ ದುರಸ್ತಿಗೂ ಊರಿನ ಶಾಲೆಗೂ ಸಲ್ಲಲಿ. ಅದರ ಲೆಕ್ಕ ಗ್ರಾಮಸಭೆಯ ಮುಂದೆ ಬರಲಿ.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ನಿಮ್ಮ ಊರಿನ ಚಾರಣದ ಹಾದಿಯಲ್ಲಿ ಹತ್ತು ಜಾಗ ಗುರುತಿಸಿ, ಮಳೆಗಾಲಕ್ಕೆ ಮೊದಲೊಮ್ಮೆ, ಅನಂತರ ಒಮ್ಮೆ ಹಾದಿಯ ಅಗಲ, ಕೊರಕಲಿನ ಆಳವನ್ನು ಅಳೆದು ಬರೆದಿಡಿ. ಅಳತೆಗೆ ಟೇಪು, ನೋಟ್ ಪುಸ್ತಕ ಸಾಕು. ಮೂರು ವರ್ಷಗಳ ಆ ಲೆಕ್ಕವನ್ನು ಕೈಯಲ್ಲಿ ಹಿಡಿದು ಮಾತನಾಡುವ ಊರಿನ ಮಾತನ್ನು ತಳ್ಳಿಹಾಕುವುದು ಯಾವ ಕಚೇರಿಗೂ ಸುಲಭವಾಗದು.