ವಾಸನೆಯಿಲ್ಲದ ವಿಷಾನಿಲ: ಮನೆಯಲ್ಲಿ ಅಲಾರಂ ಹಾಕಿಸುವಾಗ ಗಮನಿಸಬೇಕಾದದ್ದು

(ಹೊರರೋಗಿ ವಿಭಾಗದಲ್ಲಿ ನೀಡಿದ ಆರೋಗ್ಯ ಉಪನ್ಯಾಸ)

 

ಒಂದು ಚಳಿಗಾಲದ ಬೆಳಿಗ್ಗೆ ತಲೆನೋವು, ವಾಂತಿ ಎಂದು ಒಬ್ಬ ಬಾಣಂತಿಯನ್ನು ಕರೆತಂದರು. ಜ್ವರವಿಲ್ಲ, ಬಿ.ಪಿ. ಸರಿಯಿದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತು. ಜೊತೆಗಿದ್ದ ತಾಯಿ, "ನನಗೂ ತಲಿ ತಿರುಗಾಕತ್ತೈತ್ರಿ ಸಿಸ್ಟರ್" ಎಂದಾಗ ನಮಗೆ ಅನುಮಾನ ಬಂತು. ವಿಚಾರಿಸಿದರೆ, ಮಂಚದ ಕೆಳಗೆ ರಾತ್ರಿಯಿಡೀ ಕೆಂಡ ಇಟ್ಟಿದ್ದರು. ಗಾಳಿ ಬರಬಾರದೆಂದು ಕಿಟಕಿಗೆ ಗೋಣಿಚೀಲ ಕಟ್ಟಿದ್ದರು. ಕೂಸು ಹಾಲು ಕುಡಿಯದೆ ಮಂಕಾಗಿತ್ತು. ಮೂವರಿಗೂ ಆಕ್ಸಿಜನ್ ಕೊಟ್ಟ ಮೇಲೆ ಚೇತರಿಸಿಕೊಂಡರು. ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ. 2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲದ ಬಳಿ ಗ್ಯಾಸ್ ಗೀಸರ್ ಇದ್ದ ಬಚ್ಚಲುಮನೆಯಲ್ಲಿ ಇಬ್ಬರು, 2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಚಳಿಗೆಂದು ಇದ್ದಿಲು ಹಚ್ಚಿ ಮಲಗಿದ್ದ ಮೂವರು ಯುವಕರು ತೀರಿಕೊಂಡರು.

ಕಾರಣ ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲ. ಇದ್ದಿಲು, ಕಟ್ಟಿಗೆ, ಗ್ಯಾಸ್, ಡೀಸೆಲ್ ಯಾವುದೇ ಇರಲಿ, ಗಾಳಿ ಸಾಲದೆ ಉರಿದರೆ ಇದು ಹೆಚ್ಚು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸಾಮಾನ್ಯ ಆಕ್ಸಿಮೀಟರ್‌ಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಆದ್ದರಿಂದಲೇ ಆ ದಿನ ಅದು 98 ತೋರಿಸಿತು.

ಇದನ್ನು ಕಂಡುಹಿಡಿದು ಕೂಗುವ ಅಲಾರಂಗಳಿವೆ. ಪಾರ್ವತಿನಗರದಲ್ಲಿ ಈಗ ಗ್ಯಾಸ್ ಗೀಸರ್ ಇರುವ ಮನೆಗಳು ಬಹಳ, ಹಾಗಾಗಿ ಕರೆಂಟಿನಿಂದ ನಡೆಯುವ ಅಲಾರಂ ಬಗ್ಗೆ ಹಲವರು ಕೇಳುತ್ತೀರಿ. ಕೊಳ್ಳುವಾಗ ಒಂದು ಮಾತು ನೆನಪಿಡಿ. ಅಡುಗೆ ಗ್ಯಾಸ್ ಸೋರಿಕೆ ತೋರಿಸುವ ಯಂತ್ರವೇ ಬೇರೆ, ಇದೇ ಬೇರೆ. ಅದು ಇದರ ಕೆಲಸ ಮಾಡುವುದಿಲ್ಲ. ಡಬ್ಬಿಯ ಮೇಲೆ ಕಾರ್ಬನ್ ಮೋನಾಕ್ಸೈಡ್ ಎಂದೂ, ಇಎನ್ 50291 ಎಂಬ ಮಾನಕದ ಗುರುತೂ ಇದೆಯೇ ನೋಡಿ.

ಒಳಗೆ ಬ್ಯಾಟರಿಯ ಆಸರೆ ಇರುವುದನ್ನೇ ಕೊಳ್ಳಿ. ಕರೆಂಟ್ ಹೋದಾಗಲೇ ಅಲ್ಲವೇ ನಾವು ಜನರೇಟರ್ ಹಚ್ಚುವುದು? ಅಪಾಯ ಬರುವ ಹೊತ್ತಿಗೇ ಅಲಾರಂ ಸತ್ತಿದ್ದರೆ ಏನು ಫಲ? ಇನ್ವರ್ಟರ್ ಇರುವ ಮನೆಯಲ್ಲಿ ಅದರ ಲೈನಿಗೆ ಕೊಡಿಸಬಹುದು. ಹಾಗೆಂದು ಜನರೇಟರನ್ನು ಮನೆಯೊಳಗೆ, ಪಡಸಾಲೆಯಲ್ಲಿ ಇಡಬೇಡಿ.

ಪ್ಲಗ್‌ಗೆ ಚುಚ್ಚುವ ಅಲಾರಂ ಸುಲಭ. ಆದರೆ ನಮ್ಮ ಮನೆಗಳ ಸಾಕೆಟ್‌ಗೆಲ್ಲ ಸ್ವಿಚ್ ಇರುತ್ತದೆ. ರಾತ್ರಿ ಮಲಗುವಾಗ ಯಾರೋ ಆರಿಸುತ್ತಾರೆ, ಇನ್ಯಾರೋ ಅದನ್ನು ಕಿತ್ತು ಮೊಬೈಲ್ ಚಾರ್ಜಿಗೆ ಹಾಕುತ್ತಾರೆ. ಆ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ "ಆರಿಸಬೇಡಿ" ಎಂದು ಬರೆಯಿರಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಗೋಡೆಗೆ ವೈರ್ ಎಳೆದು ಕೂರಿಸುವ ಬಗೆಯಾದರೆ ಲೈಸೆನ್ಸ್ ಇರುವ ವೈರ್‌ಮನ್‌ನಿಂದಲೇ ಮಾಡಿಸಿ. ಮೇನ್ ಆರಿಸಿ, ಟೆಸ್ಟರ್ ಹಿಡಿದು ಕರೆಂಟ್ ಇಲ್ಲವೆಂದು ನೋಡಿದ ಮೇಲೆಯೇ ಅವರು ವೈರ್ ಮುಟ್ಟಬೇಕು. "ನಮ್ಮ ಹುಡುಗ ಎಲ್ಲಾ ಮಾಡ್ತಾನ" ಎಂದು ಮನೆಯ ಹುಡುಗನನ್ನು ಏಣಿ ಹತ್ತಿಸಬೇಡಿ. ಶಾಕ್ ಹೊಡೆದು ಬಂದವರನ್ನೂ ನಾವು ಇಲ್ಲಿ ನೋಡಿದ್ದೇವೆ.

ಬಚ್ಚಲಲ್ಲಿ ಅಲಾರಂ ಹಾಕಬಾರದು, ಹಬೆಗೆ ಕೆಡುತ್ತದೆ. ಗ್ಯಾಸ್ ಗೀಸರನ್ನೇ ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಕಡೆ ಸರಿಸುವುದು ಮೊದಲ ಕೆಲಸ. ಒಲೆ, ಗೀಸರ್ ಇರುವ ಕೋಣೆಯಲ್ಲಿ ಅವುಗಳಿಂದ 1ರಿಂದ 3 ಮೀಟರ್ ದೂರದಲ್ಲಿ, ಬಾಗಿಲು ಕಿಟಕಿಗಳಿಗಿಂತ ಎತ್ತರದಲ್ಲಿ ಇರಲಿ. ಮಲಗುವ ಕೋಣೆಯಲ್ಲಾದರೆ ಮಲಗಿದವರ ಮೂಗಿನ ಮಟ್ಟಕ್ಕೆ. ಪರದೆಯ ಹಿಂದೆ, ಫ್ಯಾನಿನ ಕೆಳಗೆ ಬೇಡ. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಬೇರೆ ರೀತಿ ಹೇಳಿದ್ದರೆ ಅದರಂತೆಯೇ ಮಾಡಿ. ಕೂರಿಸಿದ ಮೇಲೆ ಟೆಸ್ಟ್ ಗುಂಡಿ ಒತ್ತಿ, ಆ ಸದ್ದನ್ನು ಮನೆಯವರೆಲ್ಲರಿಗೂ ಕೇಳಿಸಿ. ಒಳಗಿನ ಸೆನ್ಸರ್‌ಗೆ ಆಯುಷ್ಯವಿದೆ. ಬದಲಿಸಬೇಕಾದ ದಿನಾಂಕ ಅದರ ಮೇಲೆಯೇ ಇರುತ್ತದೆ.

ಅಲಾರಂ ಇದೆಯೆಂದು ಕೆಂಡ ಇಟ್ಟು ಬಾಗಿಲು ಮುಚ್ಚಬಹುದೇ ಎಂದು ಒಬ್ಬ ಅಜ್ಜಿ ಕೇಳಿದರು. ಬೇಡ ಅಜ್ಜಿ. ಅನಿಲ 50 ಪಿಪಿಎಂ ಇದ್ದರೆ ಅದು ಕೂಗುವುದೇ 60ರಿಂದ 90 ನಿಮಿಷದ ನಂತರ. 300 ಇದ್ದರೆ 3 ನಿಮಿಷದೊಳಗೆ. ಬಾಣಂತಿಗೆ ಬೆಚ್ಚಗಿರಬೇಕು, ನಿಜ. ಅದಕ್ಕೆ ಕಂಬಳಿಯಿದೆ, ಕೂಸಿಗೆ ತಾಯಿಯ ಮೈಯ ಶಾಖವೇ ಇದೆ.

ಅಲಾರಂ ಕೂಗಿದರೆ ಎಲ್ಲಿಂದ ಬಂತೆಂದು ಹುಡುಕುತ್ತ ನಿಲ್ಲಬೇಡಿ. ಕೂಸು, ಮುದುಕರು ಸೇರಿ ಎಲ್ಲರೂ ಹೊರಗೆ ಬನ್ನಿ, ಬರುವಾಗ ಬಾಗಿಲು ತೆರೆದಿಡಿ, 108ಕ್ಕೆ ಫೋನ್ ಮಾಡಿ. ಒಬ್ಬರಿಗೆ ತಲೆನೋವು ಇದ್ದರೂ ಎಲ್ಲರೂ ಬನ್ನಿ. ಬಸುರಿಯಾಗಿದ್ದರೆ ತೊಂದರೆ ಕಾಣದಿದ್ದರೂ ಬರಲೇಬೇಕು. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದದ್ದು, "ಕೋಣೆಯಲ್ಲಿ ಕೆಂಡ ಇತ್ತು" ಅಥವಾ "ಗೀಸರ್ ಹಚ್ಚಿತ್ತು" ಎಂದು. ಬೈಯುತ್ತಾರೆಂದು ಮುಚ್ಚಿಡಬೇಡಿ. ಆ ಒಂದು ಮಾತು ಕೇಳಿದರೆ ನಾವು ಆಕ್ಸಿಮೀಟರ್ ನೋಡುತ್ತ ಕೂರದೆ ನೇರ ಆಕ್ಸಿಜನ್ ಹಚ್ಚುತ್ತೇವೆ.