ಬೆಳಗಾಗುವಷ್ಟರಲ್ಲಿ ರೀಸ್ಟಾರ್ಟ್!

ಊರಿನಿಂದ ತಂದ ಅಕ್ಕನ ಮದುವೆಯ ಹಳೇ ವಿಡಿಯೋವನ್ನು ಕನ್ವರ್ಟ್ ಮಾಡಲು ಕಂಪ್ಯೂಟರಿಗೆ ಹಚ್ಚಿ ಮಲಗುತ್ತೀರಿ. ಬೆಳಿಗ್ಗೆ ನೋಡಿದರೆ ಅದು ತಾನಾಗಿ ಅಪ್‌ಡೇಟ್ ಮಾಡಿಕೊಂಡು, ರೀಸ್ಟಾರ್ಟ್ ಆಗಿ, ಏನೂ ಅರಿಯದಂತೆ ಪಾಸ್‌ವರ್ಡ್ ಕೇಳುತ್ತಿರುತ್ತದೆ. ರಾತ್ರಿಯ ಕೆಲಸವೆಲ್ಲ ನೀರುಪಾಲು!

ಹಾಗೆಂದು ಅಪ್‌ಡೇಟನ್ನೇ ನಿಲ್ಲಿಸಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಹಾವಳಿ ಎದ್ದಾಗ, ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ವಿಂಡೋಸ್ 11ರ ಅಪ್‌ಡೇಟ್ ಸೆಟ್ಟಿಂಗ್ಸ್‌ನಲ್ಲಿ 'ಆಕ್ಟಿವ್ ಅವರ್ಸ್' ಇದೆ. ದಿನಕ್ಕೆ 18 ಗಂಟೆಯವರೆಗೆ ಗುರುತಿಸಬಹುದು. ರಾತ್ರಿಯನ್ನೂ ಅದರೊಳಗೆ ಸೇರಿಸಿ. ಇನ್ನೂ ದೀರ್ಘ ಕೆಲಸವಿದ್ದರೆ ಒಂದು ವಾರ 'ಪಾಸ್' ಮಾಡಿ. ವಿಡಿಯೋ ಸಿದ್ಧವಾದ ಮೇಲೆ ಮೊದಲು ಅಪ್‌ಡೇಟ್ ಹಾಕಿ, ಆಮೇಲೆ ಅಕ್ಕನಿಗೆ ಫೋನ್ ಮಾಡಿ.